ರಾಜಾ ಅಂಪಟ್ ಲೈವ್‌ಅಬೋರ್ಡ್: ಐವತ್ತು ಡೈವ್ ಆಗ್ದೇ ಹೋಗ್ಬಹುದಾ?

ಜಯನಗರ_ಡೈವರ್:

ಎಲ್ರಿಗೂ ನಮಸ್ಕಾರ. ಇಂಡೋನೇಷ್ಯಾದ ರಾಜಾ ಅಂಪಟ್‌ಗೆ ಲೈವ್‌ಅಬೋರ್ಡಲ್ಲಿ ಹೋಗ್ಬೇಕು ಅಂತ ತುಂಬಾ ದಿನದ ಆಸೆ, ಅಂದ್ರೆ ಬೋಟಲ್ಲೇ ದಿನಗಟ್ಟಲೆ ಉಳ್ಕೊಂಡು ಸ್ಕೂಬಾ ಡೈವ್ ಮಾಡೋದು. ಬರೋ ಫೆಬ್ರವರಿಗೆ ಒಂದು ಬೋಟಲ್ಲಿ ಎರಡು ಜಾಗ ಇದೆ ಅಂದಿದಾರೆ, ಸೋರಾಂಗ್ ಅನ್ನೋ ಬಂದರು ಊರಲ್ಲಿ ಹತ್ತಿಸ್ಕೊಂಡು ಮಿಸೂಲ್, ಡ್ಯಾಂಪಿಯರ್ ಸ್ಟ್ರೇಟ್ ಎಲ್ಲಾ ಸುತ್ತಿಸಿ ಮತ್ತೆ ಸೋರಾಂಗಲ್ಲೇ ಇಳಿಸ್ತಾರೆ. ನಂದು ಓಪನ್ ವಾಟರ್, ಅಂದ್ರೆ ಮೊದಲ ಹಂತದ ಡೈವಿಂಗ್ ಕೋರ್ಸ್, ಆಗಿದ್ದು ಮುರುಡೇಶ್ವರದಲ್ಲಿ, ನೇತ್ರಾಣಿ ಡೈವ್ ಮಾಡಿ, ಆಮೇಲೆ ಅಡ್ವಾನ್ಸ್ಡ್ ಹ್ಯಾವ್‌ಲಾಕಲ್ಲಿ ಮುಗಿಸ್ದೆ. ನೀರು ಅಂದ್ರೆ ಭಯ ಇಲ್ಲ, ಆದ್ರೆ ಲಾಗ್‌ಬುಕ್ಕಲ್ಲಿ ಐವತ್ತು ಇನ್ನೂ ತುಂಬಿಲ್ಲ, ಬೋಟಿನವ್ರು ಫಾರ್ಮಲ್ಲಿ 50 ಡೈವ್ ಆಗಿದ್ರೆ ಒಳ್ಳೇದು ಅಂತ ಹಾಕಿದಾರೆ, ಕಡ್ಡಾಯ ಅಂತೇನೂ ಹೇಳ್ತಿಲ್ಲ. ಜೋರು ಕರೆಂಟಲ್ಲಿ (ನೀರಿನ ಸೆಳೆತದಲ್ಲಿ) ಇಳಿದ ಅನುಭವ ನಂಗೆ ಇಲ್ಲ ಅಂತಾನೇ ಅಂದ್ಕೊಳ್ಳಿ.

ನನ್ ಹೆಂಡ್ತಿನೂ ಡೈವರ್ರೇ. ಆದ್ರೆ ಶುದ್ಧ ಸಸ್ಯಾಹಾರಿ, ಮೊಟ್ಟೆನೂ ಮುಟ್ಟಲ್ಲ, ಜೊತೆಗೆ ಬೋಟ್ ಅಲ್ಲಾಡಿದ್ರೆ ಹೊಟ್ಟೆ ತೊಳಸುತ್ತೆ ಅವ್ಳಿಗೆ. ಅಷ್ಟು ದುಡ್ಡು ಹಾಕಿ ಹೋಗಿ ಅವ್ಳು ಕ್ಯಾಬಿನ್ನಲ್ಲಿ ಮಲಗೋ ಹಾಗಾಗ್ಬಾರ್ದು. ಹೋಗಿ ಬಂದವ್ರು ದಯವಿಟ್ಟು ಬಿಡಿಸಿ ಹೇಳಿ.

ಮಂಗ್ಳೂರ್_ಮೀನು:

ಮೊದ್ಲು ದುಡ್ಡಿನ ಮಾತು ಮುಗಿಸ್ಬಿಡ್ತೀನಿ. ಅಲ್ಲಿ ಒಳ್ಳೆ ಬೋಟು ಅಂದ್ರೆ ಒಬ್ರಿಗೆ ಒಂದು ರಾತ್ರಿಗೆ 250ರಿಂದ 500 ಡಾಲರ್ ಹತ್ರ ಹತ್ರ ಬೀಳುತ್ತೆ, ಮರೀನ್ ಪಾರ್ಕ್ ಫೀಸು, ನೈಟ್ರಾಕ್ಸ್ (ಆಕ್ಸಿಜನ್ ಜಾಸ್ತಿ ಇರೋ ಸಿಲಿಂಡರ್ ಗಾಳಿ), ಗೇರ್ ಬಾಡಿಗೆ ಎಷ್ಟೋ ಕಡೆ ಬೇರೆ. ಹಾಗಾಗಿ ಬೋಟೇ ಬೇಕಾ ಅಂತ ಮೊದ್ಲು ಯೋಚ್ನೆ ಮಾಡಿ. ರಾಜಾ ಅಂಪಟ್ ಅಂದ್ರೆ ಒಂದು ದ್ವೀಪ ಅಲ್ಲ, ವೈಗಿಯೊ, ಬಟಾಂಟ, ಸಲಾವತಿ, ಮಿಸೂಲ್ ಅಂತ ನಾಲ್ಕು ದೊಡ್ಡವು, ಅವುಗಳ ಸುತ್ತ ಸಾವಿರದ ಲೆಕ್ಕದಲ್ಲಿ ಪುಟ್ಟ ಪುಟ್ಟವು. ವೈಗಿಯೊಗೂ ಬಟಾಂಟಗೂ ನಡುವೆ ಇರೋದೇ ಡ್ಯಾಂಪಿಯರ್ ಸ್ಟ್ರೇಟ್. ಅಷ್ಟೇ ನೋಡೋದಾದ್ರೆ ಕ್ರಿ, ಅರ್ಬೊರೆಕ್ ದ್ವೀಪಗಳಲ್ಲಿ ಪಪುವಾದ ಊರಿನವ್ರೇ ನಡೆಸೋ ಹೋಮ್‌ಸ್ಟೇ ಇವೆ, ನೀರಿನ ಮೇಲೆ ಕಟ್ಟಿದ ಗುಡಿಸ್ಲು, ಮೂರು ಹೊತ್ತು ಊಟ, ಬೋಟಿನ ಖರ್ಚಿಗೆ ಹೋಲಿಸಿದ್ರೆ ಬಹಳ ಕಡಿಮೆ, ದುಡ್ಡೂ ನೇರ ಆ ಮನೆಯವ್ರ ಕೈಗೇ ಹೋಗುತ್ತೆ, ಅಲ್ಲಿಂದ್ಲೇ ಡೈವಿಂಗೂ ಆಗುತ್ತೆ.

ಆದ್ರೆ ಮಿಸೂಲ್ ಮನಸ್ಸಲ್ಲಿ ಕೂತಿದ್ರೆ ಬೋಟೇ ಸರಿ. ಅದು ದಕ್ಷಿಣದ ತುದಿ, ಸೋರಾಂಗಿಂದ ರಾತ್ರಿಯಿಡೀ ಹೋಗ್ಬೇಕು. ಬೂ ವಿಂಡೋಸ್ ಅಂತ ಒಂದು ಜಾಗ ಇದೆ, ಬಂಡೆಲಿ ಎರಡು ದೊಡ್ಡ ಕಿಂಡಿ, ಅದರ ಸುತ್ತ ಸಾಫ್ಟ್ ಕೋರಲ್ (ಮೆತ್ತನೆ ಹವಳ) ನೇರಳೆ, ಕೇಸರಿ, ಹಳದಿ ಅಂತ ಜಾಗ ಬಿಡದೇ ತುಂಬ್ಕೊಂಡಿರುತ್ತೆ, ಬಿಸಿಲು ಆ ಕಿಂಡಿಯಿಂದ ಒಳಗೆ ಬಿದ್ದಾಗ ಮೀನಿನ ಹಿಂಡು ಬೆಳಕೊಳಗೆ ಹೋಗಿ ಬಂದು ಮಾಡ್ತಾ ಇರ್ತವೆ. ಗೈಡ್ ಒಂದು ಸೀ ಫ್ಯಾನ್, ಬೀಸಣಿಗೆ ಆಕಾರದ ಹವಳ, ತೋರಿಸಿ ಬೆರಳು ಹತ್ರ ಇಟ್ರು, ನಂಗೆ ಏನೂ ಕಾಣ್ಲಿಲ್ಲ, ಉಸಿರು ನಿಧಾನ ಮಾಡಿ ನೋಡ್ತಾ ಇದ್ದೆ, ಆ ಫ್ಯಾನಿನ ಗಂಟುಗಳಲ್ಲಿ ಒಂದು ಗಂಟು ಮುಖ ತಿರುಗಿಸ್ತು. ಪಿಗ್ಮಿ ಸೀಹಾರ್ಸ್, ಪುಟಾಣಿ ಸಮುದ್ರ ಕುದುರೆ. ಎರಡು ಸೆಂಟಿಮೀಟರ್ ಇದ್ರೆ ಹೆಚ್ಚು, ಮೈಮೇಲಿನ ಗುಳ್ಳೆ ಕೂಡ ಫ್ಯಾನಿನ ಪಾಲಿಪ್ (ಹವಳದ ಮೊಗ್ಗಿನಂಥ ಪುಟ್ಟ ಜೀವಿ) ಥರಾನೇ ಗುಲಾಬಿ ಬಣ್ಣ.

ಮೀನು ಲೆಕ್ಕದಲ್ಲಿ ಮಾತ್ರ ಡ್ಯಾಂಪಿಯರ್ ಬಿಟ್ರೆ ಬೇರೆ ಇಲ್ಲ. ಅಲ್ಲಿನ ಕ್ರಿ ದ್ವೀಪದ ತುದಿ ಕೇಪ್ ಕ್ರಿಯಲ್ಲಿ 2012ರಲ್ಲಿ ಜೆರ್ರಿ ಅಲೆನ್ ಅನ್ನೋ ಮೀನು ವಿಜ್ಞಾನಿ ಒಂದೇ ಡೈವಲ್ಲಿ 374 ಜಾತಿ ಮೀನು ಎಣಿಸಿದಾರೆ. ಸೀಸನ್ ಬಗ್ಗೆ ಚಿಂತೆ ಬೇಡ, ಅಕ್ಟೋಬರಿಂದ ಏಪ್ರಿಲ್ ಒಳ್ಳೆ ಕಾಲ, ಜೂನ್ ಬಂತಂದ್ರೆ ದಕ್ಷಿಣದ ಗಾಳಿಗೆ ಮಿಸೂಲ್ ಕಡೆ ಅಲೆ ಎದ್ದು ಎಷ್ಟೋ ಬೋಟು ಇಂಡೋನೇಷ್ಯಾದ್ದೇ ಕೊಮೋಡೊ ದ್ವೀಪಗಳ ಕಡೆ ಹೊರಟುಬಿಡ್ತವೆ.

ಕಡಲ_ಮೇಷ್ಟ್ರು:

ನಾನು ಡೈವ್ ಕಲಿಸೋನು, ಹಾಗಾಗಿ ಕರೆಂಟ್ ಬಗ್ಗೆ ಮಾತ್ರ ಹೇಳ್ತೀನಿ. ಐವತ್ತು ಅನ್ನೋ ನಂಬರ್ ಹಿಡ್ಕೊಂಡು ಕೂರ್ಬೇಡಿ. ನೂರು ಡೈವ್ ಎಲ್ಲಾ ನಿಂತ ನೀರಲ್ಲೇ ಮಾಡಿರೋನಿಗಿಂತ, ಮೂವತ್ತೇ ಆಗಿದ್ರೂ ಬಾಯನ್ಸಿ (ನೀರಲ್ಲಿ ಮುಳುಗದೇ ತೇಲದೇ ನಿಲ್ಲೋದು) ಕೈಲಿರೋನು ಅಲ್ಲಿ ನೆಮ್ಮದಿಯಾಗಿರ್ತಾನೆ. ನಿಮ್ಮನ್ನ ನೀವೇ ಕೇಳ್ಕೊಳ್ಳಿ: 5 ಮೀಟರಲ್ಲಿ ಹಗ್ಗ ಹಿಡೀದೇ ಮೂರು ನಿಮಿಷ ಅಲ್ಲಾಡದೇ ನಿಲ್ತೀರಾ? ಎಸ್‌ಎಂಬಿ (ನೀವಿರೋ ಜಾಗ ಬೋಟಿಗೆ ತೋರಿಸಕ್ಕೆ ಮೇಲೆ ಬಿಡೋ ಗಾಳಿ ಟ್ಯೂಬು) ಯಾರ ಸಹಾಯನೂ ಇಲ್ದೇ ಬಿಡ್ತೀರಾ? ಬಿಸಿಡಿ, ಅಂದ್ರೆ ಗಾಳಿ ತುಂಬೋ ಜಾಕೆಟ್ಟು, ಅದರ ಗಾಳಿ ಪೂರ್ತಿ ತೆಗೆದು, ಹಿಂದಕ್ಕೆ ಉರುಳಿ ನೇರ ಕೆಳಗೆ ಇಳಿಯೋದು, ಅದೇ ನೆಗೆಟಿವ್ ಎಂಟ್ರಿ, ಅದು ಗೊತ್ತಾ? ಈ ಮೂರಕ್ಕೂ ಹೂಂ ಅಂದ್ರೆ ಹೋಗಿ. ಇಲ್ಲಾಂದ್ರೆ ಇನ್ನೂ ಟೈಮಿದೆ, ಕಲೀಬಹುದು.

ಯಾಕಂದ್ರೆ ಡ್ಯಾಂಪಿಯರ್ ಸ್ಟ್ರೇಟ್ ಅನ್ನೋದೇ ದೊಡ್ಡ ಸಮುದ್ರದ ನೀರು ಇಕ್ಕಟ್ಟಲ್ಲಿ ಹಾದು ಹೋಗೋ ದಾರಿ, ಉಬ್ಬರ ಇಳಿತಕ್ಕೆ ಅಲ್ಲಿ ಹೊಳೆ ಹರಿದಂಗೆ ಹರಿಯುತ್ತೆ. ಆ ಹರಿವು ಇರೋದಕ್ಕೇ ಅಷ್ಟು ಮೀನು ಇರೋದು, ಪ್ಲಾಂಕ್ಟನ್ ಹೊತ್ಕೊಂಡು ಬರೋದೇ ಅದು, ಹಾಗಾಗಿ ಕರೆಂಟ್ ಬೇಡ ಮೀನು ಮಾತ್ರ ಬೇಕು ಅನ್ನೋ ಹಾಗಿಲ್ಲ. ಕೇಪ್ ಕ್ರಿಯ ಮೂಲೆಲಿ ನೀರು ಎರಡಾಗಿ ಒಡೆಯುತ್ತೆ, ಒಂದೊಂದ್ಸಲ ಕೆಳಕ್ಕೂ ಎಳೆಯುತ್ತೆ. ಆಗ ಫಿನ್ ಒದ್ದು ಅದರ ಜೊತೆ ಜಗಳಕ್ಕೆ ನಿಂತ್ರೆ ಗಾಳಿ ಖಾಲಿಯಾಗುತ್ತೆ ಅಷ್ಟೇ, ಬಂಡೆಗೆ ಹತ್ರ ಆಗಿ, ಗೈಡ್ ಎಲ್ಲಿದಾನೋ ಅದೇ ಎತ್ತರದಲ್ಲಿ ಇರಿ. ಮೀನನ್ನೂ ನೋಡ್ತಾ ಇರಿ, ಹಿಂಡಿಗೆ ಹಿಂಡೇ ತಲೆ ಒಂದು ಕಡೆ ಮಾಡಿ ನಿಂತಿದ್ರೆ ನೀರು ಆ ಕಡೆಯಿಂದ ಬರ್ತಿದೆ ಅಂತ.

ನಮ್ಮ ಕರಾವಳಿ ಮೀನುಗಾರರನ್ನ ಕೇಳಿದ್ರೂ ಹೇಳ್ತಾರೆ, ಅಮಾಸೆ ಹುಣ್ಣಿಮೆ ಆಸುಪಾಸಲ್ಲಿ ಸೆಳೆತ ಜಾಸ್ತಿ. ನಿಮ್ಮ ಟ್ರಿಪ್ ತಾರೀಖಿಗೆ ಕ್ಯಾಲೆಂಡರ್ ತೆಗೆದು ಚಂದ್ರ ಎಲ್ಲಿದಾನೆ ನೋಡಿ, ಅಷ್ಟಮಿ ಹತ್ರ ಡ್ಯಾಂಪಿಯರ್ ದಿನಗಳು ಬಿದ್ರೆ ನಿಮಗೆ ಹಗುರ.

ಇನ್ನೊಂದು, ನೈಟ್ರಾಕ್ಸ್ ಕೋರ್ಸ್ ಮಾಡ್ಕೊಂಡೇ ಹೋಗಿ. ದಿನಕ್ಕೆ ಮೂರು ನಾಲ್ಕು ಡೈವ್, ಅದೂ ದಿನಾ ದಿನಾ, ಮೈಯಲ್ಲಿ ನೈಟ್ರೋಜನ್ ಕೂಡ್ತಾನೇ ಹೋಗುತ್ತೆ, ನೈಟ್ರಾಕ್ಸಲ್ಲಿ ಅದು ಕಡಿಮೆ. 32 ಪರ್ಸೆಂಟ್ ಆಕ್ಸಿಜನ್ ಇರೋ ಮಿಕ್ಸಲ್ಲಿ 33 ಮೀಟರ್ ದಾಟಬಾರ್ದು ಅನ್ನೋದು ನೆನಪಿರ್ಲಿ, ಅಲ್ಲಿ ನೋಡೋದೆಲ್ಲಾ ಅದಕ್ಕಿಂತ ಮೇಲೇ ಇದೆ. ಡೈವಿಂಗ್ ಇನ್ಶೂರೆನ್ಸ್ ಇಲ್ದೇ ಮಾತ್ರ ದಯವಿಟ್ಟು ಹೋಗ್ಬೇಡಿ, ನಮ್ಮ ಸಾಮಾನ್ಯ ಟ್ರಾವೆಲ್ ಪಾಲಿಸಿಗಳಲ್ಲಿ ಎಷ್ಟೋ ಸಲ ಸ್ಕೂಬಾ ಸೇರಿರಲ್ಲ, ಮಿಸೂಲಿಂದ ಒಬ್ರನ್ನ ಆಸ್ಪತ್ರೆಗೆ ಸಾಗಿಸೋದು ಅಂದ್ರೆ ಸಣ್ಣ ಕೆಲಸ ಅಲ್ಲ.

ಹಸಿರು_ಫಿನ್ಸ್:

ನಾನೂ ಮೊಟ್ಟೆ ತಿನ್ನದವ್ಳು, ಆರಾಮಾಗಿ ಹೋಗಿ ಬಂದೆ, ನಿಮ್ಮನೆಯವ್ರಿಗೆ ಧೈರ್ಯ ಹೇಳಿ. ಇಂಡೋನೇಷ್ಯಾದಲ್ಲಿ ತೋಫು, ತೆಂಪೆ (ಹುದುಗಿಸಿದ ಸೋಯಾ), ಸೊಪ್ಪು ತರಕಾರಿ ಧಾರಾಳ. ತೊಂದ್ರೆ ಇರೋದು ಕಣ್ಣಿಗೆ ಕಾಣದ್ರಲ್ಲಿ. ಸಾಂಬಲ್‌ಗೆ, ಅಂದ್ರೆ ಅವ್ರ ಮೆಣಸಿನಕಾಯಿ ಚಟ್ನಿಗೆ, ಪಲ್ಯದ ಒಗ್ಗರಣೆಗೆ, ಕೆಲವು ಕಡೆ ಕಡ್ಲೆಕಾಯಿ ಸಾಸ್‌ಗೂ ತೆರಾಸಿ ಹಾಕ್ತಾರೆ, ಅದು ಸಿಗಡಿ ಕೊಳೆಸಿ ಮಾಡಿದ್ದು. ಗಾಡೊ ಗಾಡೊ ನೋಡಕ್ಕೆ ಬರೀ ತರಕಾರಿ, ಮೇಲೆ ಬೇಯಿಸಿದ ಮೊಟ್ಟೆ ಇಟ್ಟಿರ್ತಾರೆ. ಬರೀ ವೆಜಿಟೇರಿಯನ್ ಅಂತ ಹೇಳಿದ್ರೆ ಸಾಲ್ದು, ತೆರಾಸಿ ಬೇಡ, ಫಿಶ್ ಸಾಸ್ ಬೇಡ, ಮೊಟ್ಟೆ ಬೇಡ ಅಂತ ಒಂದೊಂದಾಗಿ ಬರೆದು ಮುಂಚೇನೇ ಮೇಲ್ ಹಾಕಿ, ಯಾಕಂದ್ರೆ ಅಡುಗೆಯವ್ರು ಸೋರಾಂಗಲ್ಲೇ ಎಲ್ಲಾ ಸಾಮಾನು ತುಂಬ್ಕೊಳ್ತಾರೆ, ಆಮೇಲೆ ದಾರಿಲಿ ಅಂಗಡಿ ಅನ್ನೋದೇ ಇಲ್ಲ. ನಾನು ಚಟ್ನಿಪುಡಿ, ಹುರಿದ ಅವಲಕ್ಕಿ ತಗೊಂಡು ಹೋಗಿದ್ದೆ, ಕಡೇಕಡೇಗೆ ಬೋಟಿನ ಹುಡುಗ್ರೂ ಅನ್ನಕ್ಕೆ ಚಟ್ನಿಪುಡಿ ಕಲಸ್ಕೊಂಡ್ರು.

ಹೊಟ್ಟೆ ತೊಳಸೋದಕ್ಕೆ, ಕೆಳಗಿನ ಡೆಕ್‌ನಲ್ಲಿ ಬೋಟಿನ ಮಧ್ಯದ ಕ್ಯಾಬಿನ್ ಕೇಳಿ, ಅಲ್ಲಿ ಅಲ್ಲಾಟ ಕಡಿಮೆ. ದ್ವೀಪಗಳ ನಡುವೆ ನೀರು ಬಹುಪಾಲು ಶಾಂತವಾಗೇ ಇರುತ್ತೆ, ಮಿಸೂಲಿಗೆ ದಾಟೋ ರಾತ್ರಿ ಮಾತ್ರ ಬಯಲು ಸಮುದ್ರ. ಅವೊಮಿನ್ ಥರದ ವಾಂತಿ ತಡೆಯೋ ಮಾತ್ರೆ ನಿದ್ದೆ ತರುತ್ತೆ, ಆ ಮಂಪರಲ್ಲಿ ನೀರಿಗಿಳಿಯೋದು ಒಳ್ಳೇದಲ್ಲ, ಹಾಗಾಗಿ ಡಾಕ್ಟರ್ ಹತ್ರ ಡೈವಿಂಗ್‌ಗೆ ಹೋಗ್ತಿದೀನಿ ಅಂತ ಹೇಳೇ ಮಾತ್ರೆ ಬರೆಸ್ಕೊಳ್ಳಿ, ಊರಲ್ಲೇ ಒಂದ್ಸಲ ತಗೊಂಡು ನೋಡಿ. ಅದೇ ಡಾಕ್ಟರ್ ಹತ್ರ ಮಲೇರಿಯಾ ಬಗ್ಗೆನೂ ಕೇಳ್ಬೇಕು, ರಾಜಾ ಅಂಪಟ್ ಇರೋ ಪಪುವಾದಲ್ಲಿ ಅದು ಇದೆ.

ಕಾರವಾರ_ಎಂಜಿನ್‌ರೂಮ್:

ಎಲ್ರೂ ನೀರೊಳಗಿನ ಮಾತೇ ಆಡಿದ್ರಿ, ಬೋಟಿನ ಮಾತು ನಾನು ಹೇಳ್ತೀನಿ, ಹಡಗಲ್ಲೇ ಕೆಲಸ ಮಾಡೋನು. ಅಲ್ಲಿನ ಬೋಟುಗಳು ಬಹಳಷ್ಟು ಪಿನಿಸಿ, ಸುಲಾವೆಸಿ ಕಡೆಯವ್ರು ಕಟ್ಟೋ ಮರದ ಹಡಗು, ಆ ಕಟ್ಟೋ ವಿದ್ಯೆಗೆ 2017ರಲ್ಲಿ ಯುನೆಸ್ಕೊ ಮನ್ನಣೆ ಸಿಕ್ಕಿದೆ, ನೋಡಕ್ಕೆ ಕಣ್ಣು ಸಾಲ್ದು. ಆದ್ರೂ ಮರ ಮರಾನೇ, ಬೆಂಕಿ ಭಯ ಇದ್ದೇ ಇರುತ್ತೆ. 2019ರ ಸೆಪ್ಟೆಂಬರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕನ್ಸೆಪ್ಷನ್ ಅನ್ನೋ ಡೈವ್ ಬೋಟಿಗೆ ರಾತ್ರಿ ಬೆಂಕಿ ಬಿದ್ದು ಕೆಳಗೆ ಮಲಗಿದ್ದ 34 ಜನ ಸತ್ರು, ರಾತ್ರಿ ಎಚ್ಚರ ಇದ್ದು ಸುತ್ತು ಹಾಕೋ ಕಾವಲಿನವ್ರು ಇರ್ಲಿಲ್ಲ ಅಂತ ತನಿಖೆಲಿ ಬಂತು.

ಹಾಗಾಗಿ ದುಡ್ಡು ಕಟ್ಟೋ ಮುಂಚೆ ಕೇಳಿ, ರಾತ್ರಿ ಯಾರು ಎಚ್ಚರ ಇರ್ತಾರೆ, ಕೆಳಗಿನ ಡೆಕ್‌ನಿಂದ ಹೊರಗೆ ಬರಕ್ಕೆ ಎರಡನೇ ದಾರಿ ಎಲ್ಲಿದೆ, ಕ್ಯಾಮೆರಾ ಟಾರ್ಚ್ ಬ್ಯಾಟರಿ ಎಲ್ಲಿ ಚಾರ್ಜ್ ಮಾಡಿಸ್ತಾರೆ. ಒಳ್ಳೆ ಬೋಟಿನವ್ರು ಇದಕ್ಕೆ ಬೇಜಾರು ಮಾಡ್ಕೊಳಲ್ಲ, ಫೋಟೋನೇ ಕಳಿಸ್ತಾರೆ. ಹತ್ತಿದ ದಿನ ಆ ಎರಡನೇ ದಾರಿಲಿ ಇಬ್ರೂ ಒಂದ್ಸಲ ಹತ್ತಿ ಹೊರಗೆ ಬನ್ನಿ. ಬ್ಯಾಟರಿ ಕ್ಯಾಬಿನ್ನಲ್ಲಿ ಚಾರ್ಜಿಗೆ ಹಾಕಿ ಮಲಗ್ಬೇಡಿ.

ಜಯನಗರ_ಡೈವರ್:

ಇಷ್ಟು ಬಿಡಿಸಿ ಹೇಳ್ತೀರ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಮೂರು ಪ್ರಶ್ನೆಲಿ ಎಸ್‌ಎಂಬಿ, ನೆಗೆಟಿವ್ ಎಂಟ್ರಿ ಎರಡೂ ಬಾಕಿ ಇದೆ. ಡಿಸೆಂಬರಲ್ಲಿ ಇಬ್ರೂ ನೇತ್ರಾಣಿಗೆ ಹೋಗಿ ಅದನ್ನೇ ಕಲೀತೀವಿ, ನೈಟ್ರಾಕ್ಸೂ ಅಲ್ಲೇ. ಬೋಟಿನವ್ರಿಗೆ ಎಕ್ಸಿಟ್ ಫೋಟೋ ಕೇಳಿ ಮೇಲ್ ಹಾಕಿದೀನಿ, ಬಂದ್ಮೇಲೇ ಅಡ್ವಾನ್ಸ್ ಕಟ್ಟೋದು. ಒಂದು ಡೌಟು, ರೀಫ್ ಹುಕ್ (ಸೆಳೆತದಲ್ಲಿ ಬಂಡೆಗೆ ಸಿಕ್ಕಿಸಿ ನಿಲ್ಲೋ ಕೊಕ್ಕೆ) ತಗೋಬೇಕಾ? ಮತ್ತೆ ವಾಪಸ್ ಫ್ಲೈಟ್ ಯಾವಾಗ ಇಟ್ಕೊಳ್ಳೋದು?

ಕಡಲ_ಮೇಷ್ಟ್ರು:

ಹುಕ್ ತಗೊಳ್ಳಿ, ಆದ್ರೆ ಗೈಡ್ ಹೇಳಿದ ಕಡೆ ಮಾತ್ರ, ಅದೂ ಸತ್ತ ಬಂಡೆ ಸಂದಿಗೆ ಸಿಕ್ಕಿಸ್ಬೇಕು, ಜೀವ ಇರೋ ಕೋರಲ್‌ಗೆ ಎಂದಿಗೂ ಬೇಡ. ಮಾಂಟಾ ಸ್ಯಾಂಡಿ ಅನ್ನೋ ಜಾಗದಲ್ಲಿ ಹುಕ್ ಬೇಡ್ವೇ ಬೇಡ, ಅಲ್ಲಿ ಮರಳ ಮೇಲೆ ಒಂದು ಗೆರೆ ಮಾಡಿರ್ತಾರೆ, ಅದರ ಹಿಂದೆ ಮಂಡಿಯೂರಿ ತಗ್ಗಿ ಕೂತ್ರೆ ಮಾಂಟಾಗಳು (ದೊಡ್ಡ ತೊರಕೆ ಮೀನು) ಸಣ್ಣ ಮೀನುಗಳಿಂದ ಮೈ ಕ್ಲೀನ್ ಮಾಡಿಸ್ಕೊಳ್ಳಕ್ಕೆ ತಾವಾಗೇ ಬರ್ತವೆ, ಗೆರೆ ದಾಟಿದ್ರೆ ಹೊರಟೇ ಹೋಗ್ತವೆ.

ಕಡೇ ಡೈವ್ ಆದ್ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಂಗಿಲ್ಲ, ಅಷ್ಟು ದಿನ ಸತತ ಇಳಿದ್ಮೇಲೆ ಒಂದು ಪೂರ್ತಿ ದಿನ ಬಿಟ್ರೆ ಇನ್ನೂ ಒಳ್ಳೇದು, ಬೋಟಿನವ್ರೂ ಹಾಗೇ ಪ್ಲಾನ್ ಮಾಡಿರ್ತಾರೆ. ಹೋಗುವಾಗ ಸೋರಾಂಗಿಗೆ ಒಂದು ದಿನ ಮುಂಚೆ ಸೇರ್ಕೊಳ್ಳಿ. ಜಕಾರ್ತಾದಿಂದ ಅಲ್ಲಿಗೆ ಮತ್ತೆ ನಾಲ್ಕು ಗಂಟೆ ಹಾರಾಟ, ಫ್ಲೈಟ್ ತಪ್ಪಿದ್ರೆ ಬೋಟು ಕಾಯಲ್ಲ. ಮಾಸ್ಕು, ಡೈವ್ ಕಂಪ್ಯೂಟರು, ಒಂದು ಜೊತೆ ಬಟ್ಟೆ ಹ್ಯಾಂಡ್ ಬ್ಯಾಗಲ್ಲೇ ಇರ್ಲಿ.