ಅಪ್‌ಡೇಟ್: ಪ್ರಿಂಟರ್ ಕಾಗದದ ವೇಗ ಕೊನೆಗೂ ಸಿಕ್ಕಿತು

ಪ್ರಿಂಟರ್‌ನೊಳಗೆ ಓಡುವ ಕಾಗದದ ವೇಗ ಅಳೆಯುವ ಸಾಧನವನ್ನು ಹೇಗೆ ಮಾಡುವುದು ಎಂದು ಕಳೆದ ವಾರ ಕೇಳಿದ್ದೆ. ಎರಡು ಬೆಳಕಿನ ಸೆನ್ಸರ್‌ಗಳನ್ನು 50 ಮಿ.ಮೀ. ಅಂತರದಲ್ಲಿಟ್ಟು, ಹಾಳೆಯ ಮುಂದಿನ ಅಂಚು ಒಂದರಿಂದ ಇನ್ನೊಂದನ್ನು ತಲುಪುವ ಸಮಯ ನೋಡಿ ಎಂದವರಿಗೆ ಮನಸಾರೆ ವಂದನೆ, ಅದೇ ಕೈಹಿಡಿಯಿತು. 0.4 ಸೆಕೆಂಡ್ ಬಂತು, ಅಂದರೆ ಸೆಕೆಂಡಿಗೆ 125 ಮಿ.ಮೀ.

ಕಾಗದದ ಮೇಲೆ ಉರುಳುತ್ತಾ ತನ್ನ ಸುತ್ತುಗಳನ್ನು ಎಣಿಸಿಕೊಡುವ ಎನ್‌ಕೋಡರ್ ಚಕ್ರ ಮಾತ್ರ ಆಗಲಿಲ್ಲ. ಹಗುರವಾಗಿ ಒತ್ತಿದರೆ ಜಾರಿತು, ಬಿಗಿಯಾಗಿ ಒತ್ತಿದರೆ ಹಾಳೆಯೇ ಓರೆಯಾಯಿತು.

ಅಚ್ಚರಿಯೆಂದರೆ, ಕಾಗದವನ್ನು ಎಳೆಯುವ ರಬ್ಬರ್ ರೋಲರ್‌ನ ಸುತ್ತುಗಳಿಂದ ಲೆಕ್ಕ ಹಾಕಿದ ವೇಗಕ್ಕಿಂತ ಕಾಗದ ನಿಧಾನವಾಗಿತ್ತು! ರಬ್ಬರಿಗೆ ಕಾಗದದ ಬಿಳಿ ಪುಡಿ ಮೆತ್ತಿ ಹಾಳೆ ಜಾರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆ ವ್ಯತ್ಯಾಸ ಬಹುತೇಕ ಇಲ್ಲವಾಯಿತು.

ಸೆನ್ಸರ್‌ಗಳಿಗೆ ಹೊರಗಿನ ಬೆಳಕು ತಾಗದಂತೆ ಕಪ್ಪು ಟೇಪ್ ಸುತ್ತಿ. ಅದಿಲ್ಲದೆ ಮೊದಲ ದಿನವೆಲ್ಲ ನನಗೆ ತಪ್ಪು ಅಂಕಿಗಳೇ ಬಂದವು.