ಬಾಣ ಯಾರ ಕಡೆಗಿತ್ತು?

ಸಾಗರದವ: ಭಾನುವಾರ ಶಿವಮೊಗ್ಗದ ಕಾಲೇಜೊಂದರ ಅಂಗಳದಲ್ಲಿ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅನ್ಯಾಯವಾಯಿತು. ಕೊನೆಯ 40 ಸೆಕೆಂಡು, ನಾವು ಒಂದೇ ಅಂಕ ಹಿಂದೆ. ನಮ್ಮ ಹುಡುಗನೂ ಅವರ ಸೆಂಟರ್ ಆಟಗಾರನೂ ಚೆಂಡು ಹಿಡಿದು ಜಗ್ಗಾಡಿದರು. ಸೀಟಿ ಊದಿದ ರೆಫರಿ ಚೆಂಡನ್ನು ಮೇಲಕ್ಕೆಸೆದು ಇಬ್ಬರನ್ನೂ ಹಾರಿಸದೆ, ಮುಂದಿನ ಸರದಿ ಯಾರದೆಂದು ತೋರಿಸಲು ಮೇಜಿನ ಮೇಲಿಟ್ಟಿದ್ದ ರಟ್ಟಿನ ಬಾಣ ನೋಡಿ ಚೆಂಡನ್ನು ಅವರಿಗೆ ಕೊಟ್ಟರು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಹೀಗೆ ಮಾಡುವುದಿಲ್ಲವಲ್ಲ?

ನಿವೃತ್ತ ಪಿಟಿ ಮೇಷ್ಟ್ರು: ಅಲ್ಲಿ ಈಗಲೂ ಹಾರಿಸುತ್ತಾರೆ, ನಿಜ. ಆದರೆ ಅಮೆರಿಕದ ಕಾಲೇಜು ಆಟದಲ್ಲಿ 1981ರಿಂದಲೇ ಬಾಣವಿದೆ. ನಾವು ಆಡಿಸುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದಂತೆ. ಹಾಗೆ ಹಾರಿಸುವ ಜಂಪ್ ಬಾಲ್ ಪಂದ್ಯದ ಆರಂಭದಲ್ಲಿ ಒಮ್ಮೆ ಮಾತ್ರ. ಅಲ್ಲಿ ಚೆಂಡು ದಕ್ಕದ ತಂಡಕ್ಕೆ ಮೊದಲ ಸರದಿ. ಆಮೇಲೆ ಇಬ್ಬರೂ ಚೆಂಡು ಹಿಡಿದು ಬಿಡದ ಹೆಲ್ಡ್ ಬಾಲ್ ಆಗಲಿ, ರಿಂಗ್ ಮತ್ತು ಬೋರ್ಡಿನ ನಡುವೆ ಚೆಂಡು ಸಿಕ್ಕಿಕೊಳ್ಳಲಿ, ಸರದಿಯಂತೆ ಥ್ರೋ-ಇನ್, ಅಂದರೆ ಗೆರೆಯ ಹೊರಗಿನಿಂದ ಚೆಂಡು ಒಳಗೆಸೆಯುವುದು. ಉಳಿದ ಕ್ವಾರ್ಟರ್‌ಗಳೂ ಹೆಚ್ಚುವರಿ ಅವಧಿಯೂ ಶುರುವಾಗುವುದು ಹಾಗೆಯೇ.

ತೀರ್ಥಹಳ್ಳಿಯಿಂದ: ಸರದಿ ಎಂದರೆ ನ್ಯಾಯವೇ ಸರ್? ಅಷ್ಟು ಹೆಣಗಾಡಿ ಎದುರಾಳಿಯ ಚೆಂಡಿಗೆ ಕೈಹಾಕಿದವನಿಗೆ ಸಿಕ್ಕಿದ್ದೇನು?

ಮೇಷ್ಟ್ರು: ಹಾರಿಸಿದ್ದರೆ ಏನು ಸಿಗುತ್ತಿತ್ತು? ನಿಮ್ಮ ಹುಡುಗ ಐದೂವರೆ ಅಡಿ, ಅವರ ಸೆಂಟರ್ ಆರಡಿಯ ಮೇಲೆ. ಇನ್ನು ಚೆಂಡನ್ನು ನೆಟ್ಟಗೆ ಎಸೆಯುವುದೂ ಸುಲಭವಲ್ಲ. ನಾನು ಎಸೆದದ್ದು ಎಷ್ಟು ಸಲ ವಾಲಿದೆ ಎಂಬುದು ನನಗೇ ಗೊತ್ತು.

ಮೇಜಿನ ಪಕ್ಕ ಕೂತಿದ್ದವಳು: ನಾನು ಗೆದ್ದವರ ಕಡೆಯವಳು, ಆದರೂ ಹೇಳಿಬಿಡುತ್ತೇನೆ. ನಾಲ್ಕನೆಯ ಕ್ವಾರ್ಟರ್ ಸಾಗರದವರ ಥ್ರೋ-ಇನ್‌ನಿಂದ ಶುರುವಾಗಬೇಕಿತ್ತು. ಚೆಂಡು ಕೈಬಿಡುವ ಮೊದಲೇ ನಮ್ಮವನೊಬ್ಬ ಅವರ ಆಟಗಾರನ ಸೊಂಟ ಹಿಡಿದ. ಫೌಲ್ ಕೊಟ್ಟರು. ಆ ಗಡಿಬಿಡಿಯಲ್ಲಿ ಸ್ಕೋರರ್ ಹುಡುಗ ಬಾಣವನ್ನೂ ತಿರುಗಿಸಿದ. ಆಮೇಲೆ ಆ ಕೊನೆಯ ಜಗ್ಗಾಟದವರೆಗೆ ಹೆಲ್ಡ್ ಬಾಲ್ ಆಗಲೇ ಇಲ್ಲ.

ಮೇಷ್ಟ್ರು: ಹಾಗಾದರೆ ನನ್ನ ವಾದವನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಒಳಗಿನ ಆಟಗಾರ ಚೆಂಡು ಮುಟ್ಟಿ ಥ್ರೋ-ಇನ್ ಮುಗಿದ ಮೇಲಷ್ಟೇ ಬಾಣ ತಿರುಗಬೇಕು. ಅದಕ್ಕೂ ಮೊದಲು ಯಾವ ತಂಡ ಫೌಲ್ ಮಾಡಿದರೂ ಸರದಿ ಹೋಗುವುದಿಲ್ಲ. ಎಸೆಯುವ ತಂಡವೇ ಐದು ಸೆಕೆಂಡು ಮೀರಿಸಿ ನಿಯಮ ಮುರಿದರೆ ಆಗ ಹೋಗುತ್ತದೆ. ಕೊನೆಯ ಚೆಂಡು ಸಾಗರದ್ದೇ. ನಿಯಮ ಸರಿಯಿತ್ತು, ಬಾಣ ತಪ್ಪಿತ್ತು. ನಿಮ್ಮ ಬೆಂಚಿನಲ್ಲಿ ಒಬ್ಬರೂ ಮೇಜಿನ ಕಡೆ ನೋಡಲಿಲ್ಲವೇ?

ಸಾಗರದವ: ಮಳೆ ಹನಿಯಲು ಶುರುವಾಗಿತ್ತು ಸರ್. ನಾವೆಲ್ಲ ಅಂಕಣ ಒರೆಸಲು ಗೋಣಿಚೀಲ ಹುಡುಕುತ್ತಿದ್ದೆವು.