ಅಜ್ಜನ ವಿಲ್ಲಿಸ್ ಫೋರ್ ವೀಲ್ ಪಿಕಪ್: ಪೇಂಟ್ ಹೊಡೆಸಿ ಮಾರಲಾ, ಇದ್ದ ಹಾಗೇ ಮಾರಲಾ?

ರೋಣದ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ರೋಣದ ಹತ್ತಿರ ಒಂದು ಹಳ್ಳಿ. ಅಜ್ಜ ತಗೊಂಡಿದ್ದ ವಿಲ್ಲಿಸ್ ಪಿಕಪ್ (ಅಮೆರಿಕದ ಹಳೇ ಜೀಪ್ ಕಂಪನಿಯದು) ಕಣದ ಶೆಡ್ಡಿನಲ್ಲಿ ಬಹಳ ವರ್ಷದಿಂದ ನಿಂತಿದೆ. ಫೋರ್ ವೀಲ್ ಡ್ರೈವ್, ಪೆಟ್ರೋಲ್ ಎಂಜಿನ್. ಗದಗ ಪೇಟೆಗೆ ಹತ್ತಿ, ಬ್ಯಾಡಗಿಗೆ ಮೆಣಸಿನಕಾಯಿ ಹೊತ್ತ ಗಾಡಿ ಇದು. ಮಳೆಗಾಲದಲ್ಲಿ ಎರೆ ಹೊಲದ ದಾರಿಯಲ್ಲಿ ಚಕ್ಕಡಿ ಹೂತು ನಿಂತರೂ ಇದು ದಾಟಿಕೊಂಡು ಬರುತ್ತಿತ್ತು ಅಂತ ಊರ ಹಿರಿಯರು ಈಗಲೂ ಹೇಳುತ್ತಾರೆ. ಬಣ್ಣ ಪೂರ್ತಿ ಹೋಗಿದೆ, ಹಿಂದಿನ ಬಾಡಿಯ ತಳದಲ್ಲಿ ತೂತು ಬಿದ್ದಿದೆ, ಆದರೆ ಒಂದು ಸಾಮಾನೂ ಬದಲಾಗಿಲ್ಲ. ಗುಜರಿಯವನೊಬ್ಬ ಬಂದು ತೂಕದ ಲೆಕ್ಕದಲ್ಲಿ ಕೇಳಿದ, ಕೊಡಲಿಲ್ಲ. ಹುಬ್ಬಳ್ಳಿಯ ಮಿಸ್ತ್ರಿಯೊಬ್ಬರು ಟಿಂಕರಿಂಗ್, ಪೇಂಟ್ ಮಾಡಿಸಿ ಡೀಸೆಲ್ ಎಂಜಿನ್ ಕೂರಿಸಿದರೆ ಒಳ್ಳೆ ರೇಟ್ ಬರುತ್ತದೆ ಅನ್ನುತ್ತಾರೆ. ಆರ್‌ಸಿ ಅಜ್ಜನ ಹೆಸರಲ್ಲೇ ಇದೆ, ಅಜ್ಜ ಈಗ ಇಲ್ಲ. ಗಾಡಿ ಚೆನ್ನಾಗಿ ನೋಡಿಕೊಳ್ಳುವವರ ಕೈಗೆ ಹೋಗಬೇಕು ಅನ್ನುವುದೇ ನಮ್ಮಪ್ಪನ ಆಸೆ. ಏನು ಮಾಡಲಿ?

ಹಳೇಜೀಪು ಹುಬ್ಬಳ್ಳಿ:
ತಮ್ಮಾ, ದಯವಿಟ್ಟು ಪೇಂಟ್ ಹೊಡೆಸಬೇಡ. ಇಂಥ ಗಾಡಿ ಹುಡುಕಿಕೊಂಡು ಬರುವವರು ಮೊದಲು ನೋಡುವುದೇ ತಗಡು. ಎಲ್ಲಿ ತುಕ್ಕು ತಿಂದಿದೆ, ಎಲ್ಲಿ ವೆಲ್ಡಿಂಗ್ ಆಗಿದೆ ಅಂತ ಅವರ ಕಣ್ಣಿಗೆ ಕಾಣಬೇಕು. ಹೊಸ ಬಣ್ಣ ಕಂಡರೆ ಒಳಗೆ ಎಷ್ಟು ಪುಟ್ಟಿ ಮೆತ್ತಿದ್ದಾರೋ ಅಂತ ಜೇಬಿನಿಂದ ಅಯಸ್ಕಾಂತ ತೆಗೆದು ಬಾಗಿಲ ಕೆಳಗೆಲ್ಲ ಇಟ್ಟು ನೋಡುತ್ತಾರೆ, ಅದು ಅಂಟದಿದ್ದರೆ ಅಲ್ಲಿಗೆ ವ್ಯಾಪಾರ ಮುಗೀತು. ನೀನು ಪೇಂಟಿಗೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಡೀಸೆಲ್ ಮಾತಂತೂ ಬೇಡವೇ ಬೇಡ. ನಮ್ಮ ಕಡೆ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಕೂರಿಸಿದ್ದೇ ಜಾಸ್ತಿ. ಮೂಲ ಎಂಜಿನ್ ಉಳಿದಿದೆಯಲ್ಲ, ನಿನ್ನ ಗಾಡಿಯ ಬೆಲೆ ಇರುವುದೇ ಅದರಲ್ಲಿ.

ಯಾವ ವರ್ಷದ್ದು ಅಂತ ಆರ್‌ಸಿ ಮಾತ್ರ ನೋಡಬೇಡ, ಗಾಡಿಯನ್ನೂ ನೋಡು. ಈ ಪಿಕಪ್ ಅಮೆರಿಕದಲ್ಲಿ 1947ರಿಂದ 1965ರವರೆಗೆ ತಯಾರಾಯಿತು. 1950ರಲ್ಲಿ ಮುಂದಿನ ಗ್ರಿಲ್ ಚೂಪಾಗಿ ಮುಂದಕ್ಕೆ ಬಂತು, ಅದರ ಮೇಲೆ ಐದು ಅಡ್ಡಪಟ್ಟಿ. 1954ರಿಂದ ಮೂರೇ ಪಟ್ಟಿ. ನಾಲ್ಕು ಸಿಲಿಂಡರಿನದಾದರೆ ಬಾನೆಟ್ ಎತ್ತಿ ಸ್ಪಾರ್ಕ್ ಪ್ಲಗ್ ಎಲ್ಲಿವೆ ನೋಡು. ಚಪ್ಪಟೆ ಹೆಡ್ಡಿನ ಮೇಲೆ ನೇರ ನಿಂತಿದ್ದರೆ ಹಳೆಯ ಗೋ ಡೆವಿಲ್ ಎಂಜಿನ್. ಮೇಲೆ ವಾಲ್ವ್ ಕವರ್ ಇದ್ದು ಪ್ಲಗ್ ಪಕ್ಕದಲ್ಲಿದ್ದರೆ ಹರಿಕೇನ್. ಎರಡೂ 2.2 ಲೀಟರಿನವು. ಎಂಜಿನ್ ನಂಬರು, ಕಂಪನಿಯವರು ಗಾಡಿಗೆ ಹೊಡೆದ ಪ್ಲೇಟಿನ ನಂಬರು ಎರಡರ ಫೋಟೋ ತೆಗೆದಿಡು. ಪ್ಲೇಟನ್ನು ಬಟ್ಟೆಯಿಂದ ಒರೆಸು ಸಾಕು, ಮರಳು ಕಾಗದ ಹಚ್ಚಿದರೆ ಅಕ್ಷರ ಹೋಗುತ್ತವೆ.

ಕಾಗದಪತ್ರ ಧಾರವಾಡ:
ಗಾಡಿಗಿಂತ ಮೊದಲು ಕಾಗದ ಸರಿ ಮಾಡಿಕೊಳ್ಳಿ. ಅಜ್ಜನ ಹೆಸರಿನ ಆರ್‌ಸಿ ಮೇಲೆ ನೀವು ನೇರವಾಗಿ ಮಾರಲು ಬರುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟು ಫಾರ್ಮ್ 31ರಲ್ಲಿ ಅಪ್ಪನ ಹೆಸರಿಗೆ ಮಾಡಿಸಿ. ಅತ್ತೆಯಂದಿರಿದ್ದರೆ ಅವರ ಸಹಿಯೂ ಬೇಕು. ಆಮೇಲೆ ಮಾರುವಾಗ ಫಾರ್ಮ್ 29 ಮತ್ತು 30. ನೋಂದಣಿ ಅವಧಿ ಮುಗಿದಿದ್ದರೆ ನವೀಕರಣ ಫಾರ್ಮ್ 25ರಲ್ಲಿ, ಅದಕ್ಕೆ ಗಾಡಿ ತೋರಿಸಬೇಕಾಗುತ್ತದೆ.

ದಾಖಲೆ ಎಲ್ಲಿದೆ ಅನ್ನುವುದು ನಮ್ಮ ಕಡೆ ದೊಡ್ಡ ತಲೆನೋವು. ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯಿಂದ ಬೇರೆಯಾಗಿದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಗಾಡಿ ಅಂದರೆ ಗದಗ ಆರ್‌ಟಿಒದಲ್ಲಿ ಸಿಗದಿದ್ದರೆ ಧಾರವಾಡದಲ್ಲಿ ಹುಡುಕಿಸಿ. 1956ರ ನವೆಂಬರ್‌ಗಿಂತ ಮೊದಲು ನೋಂದಣಿ ಆಗಿದ್ದರೆ ಆರ್‌ಸಿ ಪುಸ್ತಕದಲ್ಲಿ ಮುಂಬೈ ರಾಜ್ಯದ ಸೀಲ್ ಇರುತ್ತದೆ, ಗಾಬರಿಯಾಗಬೇಡಿ, ಆಗ ನಾವೆಲ್ಲ ಅಲ್ಲೇ ಇದ್ದೆವು.

ವಿಂಟೇಜ್ ನೋಂದಣಿ ಅಂತ 2021ರಲ್ಲಿ ಕೇಂದ್ರ ನಿಯಮ ಬಂದಿದೆ. 50 ವರ್ಷ ದಾಟಿರಬೇಕು, ಚಾಸಿ (ಗಾಡಿಯ ಅಡಿ ಚೌಕಟ್ಟು), ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಆದರೆ ಅದು ಬೈಕು ಮತ್ತು ಜನ ಕೂರುವ ನಾಲ್ಕು ಚಕ್ರದ ಗಾಡಿಗಳಿಗೆ. ನಿಮ್ಮ ಆರ್‌ಸಿಯಲ್ಲಿ ಗೂಡ್ಸ್ ಅಂತ ಬರೆದಿದ್ದರೆ ತೊಡಕಾಗಬಹುದು. ಕಚೇರಿಯಲ್ಲಿ ವಿಚಾರಿಸದೆ ಖರೀದಿದಾರರಿಗೆ ಮಾತು ಕೊಡಬೇಡಿ.

ಇನ್ನೊಂದು, ಗಾಡಿ ಕೊಟ್ಟ ಮೇಲೆ ಹೆಸರು ಬದಲಾಯಿತಾ ಅಂತ ಬೆನ್ನು ಬಿದ್ದು ನೋಡಿಕೊಳ್ಳಿ. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿದ್ದವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ರಾಣೆಬೆನ್ನೂರು ಗ್ಯಾರೇಜ್:
ಪೇಂಟ್ ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಸುಮ್ನೆ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತ ಹಾಗೇ ತೋರಿಸಿದರೆ ಗುಜರಿ ರೇಟೇ ಕೇಳುತ್ತಾರೆ. ಸ್ಟಾರ್ಟ್ ಆಗಿ, ಬ್ರೇಕ್ ಹಿಡಿದು, ಹತ್ತು ಮಾರು ಓಡಿದರೆ ಮಾತೇ ಬೇರೆ.

ಬ್ಯಾಟರಿ ತಂದು ಕೂಡಲೇ ಸೆಲ್ಫ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿ. ಬಿಗಿ ಅನಿಸಿದರೆ ಜೋರು ಮಾಡದೆ ಇನ್ನೊಂದು ದಿನ ಬಿಡಿ. ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಎಂಜಿನ್ ಬ್ಲಾಕಿನೊಳಗೇ ಇರುತ್ತವೆ, ನಿಂತ ಗಾಡಿಯಲ್ಲಿ ಅವು ಹಿಡಿದುಕೊಂಡಿರುತ್ತವೆ. ಹಳೇ ಪೆಟ್ರೋಲ್ ಪೂರ್ತಿ ಇಳಿಸಿ, ಟ್ಯಾಂಕ್ ತೊಳೆಸಿ. ಹಳೇ ವಿಲ್ಲಿಸ್ 6 ವೋಲ್ಟಿನವೂ ಇವೆ, ಬಲ್ಬಿನ ಮೇಲೆ ನೋಡಿಯೇ ಬ್ಯಾಟರಿ ತನ್ನಿ. ಚಾಸಿಗೆ ಮೆತ್ತಿದ ಎರೆ ಮಣ್ಣನ್ನು ಕೆರೆದು ತೆಗೆಯಿರಿ, ತುಕ್ಕು ಹುಟ್ಟುವುದೇ ಅದರ ಅಡಿಯಲ್ಲಿ.

ಫೋರ್ ವೀಲ್ ತೋರಿಸುವಾಗ ಡಾಂಬರು ರಸ್ತೆ ಬೇಡ. ಇದರಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲ, ಗಟ್ಟಿ ನೆಲದಲ್ಲಿ ತಿರುಗಿಸಿದರೆ ಹಲ್ಲುಗಳ ಮೇಲೆ ಭಾರ ಬಿದ್ದು ಲಿವರ್ ಜಾಮ್ ಆಗುತ್ತದೆ. ಹೊಲದಲ್ಲೇ ತೋರಿಸಿ. ಮುಂದಿನ ಆಕ್ಸಲ್ ಸೇರಿಸುವ ಲಿವರ್ ಮೊದಲು, ಆಮೇಲೆ ಲೋ ಗೇರಿನ ಲಿವರ್.

ರೋಣದ ಹುಡುಗ:
ತುಂಬಾ ಧನ್ಯವಾದ ಅಣ್ಣಂದಿರಾ. ಈಗಷ್ಟೇ ನೋಡಿ ಬಂದೆ. ಮೂರು ಪಟ್ಟಿ, ಪ್ಲಗ್ ಪಕ್ಕದಲ್ಲಿವೆ. ಅತ್ತೆ ಇಬ್ಬರೂ ಸಹಿಗೆ ಒಪ್ಪಿದ್ದಾರೆ. ಬೆಲೆ ಎಷ್ಟು ಹೇಳಲಿ?

ಹಳೇಜೀಪು ಹುಬ್ಬಳ್ಳಿ:
ಹಾಗಾದರೆ 1954ರ ಈಚಿನದು, ಹರಿಕೇನ್. ಬೆಲೆ ಈಗಲೇ ಬಾಯಿ ಬಿಡಬೇಡ, ಇದಕ್ಕೆ ಇಂತಿಷ್ಟೇ ಅನ್ನುವ ರೇಟ್ ಇಲ್ಲ. ಅಪ್ಪನ ಹೆಸರಿಗೆ ಆರ್‌ಸಿ ಆಗಲಿ, ಎಂಜಿನ್ ತಿರುಗಲಿ. ಆಮೇಲೆ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಹಾಕು, ಚಾಸಿ ಕೆಳಗಿನದೂ, ಬಾಡಿಯ ತೂತಿನದೂ. ಏನು ಕೆಟ್ಟಿದೆ ಅಂತ ನೀನೇ ಬರೆದುಬಿಡು. ಬಂದವರಲ್ಲಿ ಯಾರು ಮೈಮೇಲೆ ಮಣ್ಣಾದರೂ ಗಾಡಿ ಕೆಳಗೆ ಮಲಗಿ ನೋಡುತ್ತಾರೋ ಅವರ ಜೊತೆ ಮಾತಾಡು. ಬಿಡಿ ಸಾಮಾನು ಬಿಚ್ಚಿ ಮಾರುವವರೂ ಬರುತ್ತಾರೆ, ಹುಷಾರು. ಬರುವ ಭಾನುವಾರ ಗದಗಕ್ಕೆ ಬರುತ್ತಿದ್ದೇನೆ, ಅಪ್ಪ ಹೂಂ ಅಂದರೆ ಬಂದು ವಾಲ್ವ್ ನೋಡಿಕೊಡುತ್ತೇನೆ.